ಗಾಳದ ಕೋಲು ಒಣಗುವವರೆಗೆ

ಭಾವನಿಗೆ ಎದೆಯ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ ವಾರವೇ ಅವರು ತಮ್ಮ ಗಾಳದ ಕೋಲನ್ನು ತಂದು ನನ್ನ ಕೈಗೆ ಕೊಟ್ಟರು. ನನ್ನ ಒಬ್ಬಳೇ ಅಕ್ಕನ ಗಂಡ ಅವರು. ನಮ್ಮೂರಿಗೆ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ತೋಟದ ಕೆಲಸ ಮುಗಿದ ಮೇಲೆ ಕೆರೆ ಏರಿಯ ಮೇಲೆ ಕೂತು ಮೀನು ಹಿಡಿಯುವುದು ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ. ಹಿಂದಿನ ತಿಂಗಳು ದೊಡ್ಡದೊಂದು ಕಾಟ್ಲಾ ಮೀನು ಗಾಳಕ್ಕೆ ಸಿಕ್ಕಿ ಎಳೆದಾಡಿದ್ದರಲ್ಲಿ ಕೋಲಿನ ತುದಿಯ ಕಡೆಯ ಮೂರು ರಿಂಗುಗಳು ಸಡಿಲಾಗಿದ್ದವು. ಗಾಳದ ದಾರ ಹಾದುಹೋಗುವ ಆ ಸಣ್ಣ ಉಂಗುರಗಳನ್ನು ನೂಲು ಸುತ್ತಿ ಕೋಲಿಗೆ ಕಟ್ಟಿರುತ್ತಾರೆ. ಆ ನೂಲು ಬಿಚ್ಚಿಕೊಂಡಿತ್ತು.

“ಆಸ್ಪತ್ರೆಯಿಂದ ಬರೋಷ್ಟ್ರಲ್ಲಿ ಮಾಡಿಟ್ಟಿರಪ್ಪಾ,” ಎಂದರು. “ಬಂದ್ಮೇಲೆ ಮೂರು ತಿಂಗ್ಳು ಭಾರ ಎತ್ತಂಗಿಲ್ವಂತೆ. ಕೋಲು ಹಿಡ್ಕೊಂಡು ಕೂತ್ಕೋಬೋದಲ್ಲ.”

ನಾನು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗಗಳ ರಿಪೇರಿ ಮಾಡುತ್ತೇನೆ. ನೂಲು ಬಿಗಿಯಾಗಿ ಸುತ್ತುವುದು ನಮ್ಮ ಬೀದಿಯಲ್ಲಿ ಮಕ್ಕಳಿಗೂ ಬರುತ್ತದೆ. ಕಷ್ಟದ್ದು ಆಮೇಲಿನ ಕೆಲಸ. ಸುತ್ತಿದ ನೂಲಿನ ಮೇಲೆ ಎಪಾಕ್ಸಿ ಅಂಟು ಬಳಿಯಬೇಕು. ಎರಡು ಸೀಸೆಗಳ ದ್ರವವನ್ನು ಸಮ ಪ್ರಮಾಣದಲ್ಲಿ ಬೆರೆಸಿದರೆ ಜೇನುತುಪ್ಪದಂತೆ ಆಗುತ್ತದೆ. ಒಣಗಿದಾಗ ಗಾಜಿನಂತೆ ಗಟ್ಟಿ. ಒಣಗುವುದರೊಳಗೆ ಅದು ಹರಿಯುತ್ತದೆ. ಕೋಲು ಒಂದು ಕಡೆ ಕೂದಲೆಳೆಯಷ್ಟು ತಗ್ಗಿದ್ದರೂ ಎಲ್ಲವೂ ಆ ಕಡೆಗೆ ಜಾರಿ ಗಂಟು ಕಟ್ಟುತ್ತದೆ. ಕೋಲು ಮಟ್ಟವಾಗಿದ್ದರೂ ಸುಮ್ಮನೆ ಬಿಟ್ಟರೆ ಕೆಳಗೆ ಹನಿಯಾಗಿ ಜೋತು ಬೀಳುತ್ತದೆ. ಹಾಗಾಗಿ ಮೊದಲು ಕೋಲನ್ನು ಮಟ್ಟ ಮಾಡಬೇಕು, ಆಮೇಲೆ ಮೂರು ನಾಲ್ಕು ಗಂಟೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಸುತ್ತು ತಿರುಗಿಸುತ್ತಿರಬೇಕು.

ಭಾವನನ್ನು ಸೋಮವಾರ ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಕಾರು ಮಾಡಿಕೊಂಡು ನಾನೇ ಅವರಿಬ್ಬರನ್ನೂ ಕರೆದುಕೊಂಡು ಹೋದೆ. ಬ್ಯಾಗುಗಳನ್ನು ಲಿಫ್ಟಿನ ಬಾಗಿಲವರೆಗೆ ತಂದುಕೊಟ್ಟು, ಕಾರು ಕಾಯುತ್ತಿದೆ ಎಂದು ಹೇಳಿ ವಾಪಸು ಬಂದುಬಿಟ್ಟೆ. ಮೇಲಕ್ಕೆ ಹೋಗಲಿಲ್ಲ. ಆಪರೇಷನ್ ಬುಧವಾರ ಎಂದಿದ್ದರು. ಬುಧವಾರ ಬೆಳಿಗ್ಗೆ ಆರಕ್ಕೇ ಅಲ್ಲಿರುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ.

ನಡುವೆ ಮಂಗಳವಾರವಿತ್ತು. ಅವತ್ತು ಲೈನ್ ಕೆಲಸಕ್ಕಾಗಿ ಒಂಬತ್ತರಿಂದ ಮೂರರವರೆಗೆ ಕರೆಂಟ್ ತೆಗೆಯುತ್ತಾರೆ ಎಂದು ಮೊದಲೇ ತಿಳಿಸಿದ್ದರು. ನನಗೆ ಅದೇ ಬೇಕಾಗಿತ್ತು. ನಮ್ಮ ಬೀದಿಯಲ್ಲಿ ಮಗ್ಗ ಓಡುವಾಗ ಮನೆಯ ನೆಲವೇ ಸಣ್ಣಗೆ ನಡುಗುತ್ತಿರುತ್ತದೆ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಇಡುವ ರಸಮಟ್ಟವನ್ನು ಎದುರು ಮನೆಯವರಿಂದ ಇಸಿದುಕೊಂಡು ಬಂದು ಹಿಂದಿನ ದಿನ ಇಟ್ಟು ನೋಡಿದ್ದೆ. ಒಳಗಿನ ಗಾಳಿಗುಳ್ಳೆ ಒಂದು ಕಡೆ ನಿಲ್ಲದೆ ಅದುರುತ್ತಲೇ ಇತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮಗ್ಗಗಳು ನಿಂತವು. ಹೆಂಡತಿ ತವರಿನ ಕಡೆಯವರ ಜೊತೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದಳು, ಮಧ್ಯಾಹ್ನ ಬರುವವಳು. ನಾನು ನಡುಮನೆಯಲ್ಲಿ ಎರಡು ಸ್ಟೂಲುಗಳ ಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಇಟ್ಟು, ಅದರ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಮೂರು ಕವೆಗಳನ್ನು ನಿಲ್ಲಿಸಿ, ಕೋಲನ್ನು ಮಲಗಿಸಿದೆ. ನೀರು ಸುರಿದು ತೊಳೆದರೆ ಬಚ್ಚಲಿಗೆ ಹರಿಯಲೆಂದು ನಮ್ಮ ಮನೆಯ ನೆಲವನ್ನು ಸ್ವಲ್ಪ ಇಳಿಜಾರಾಗಿ ಮಾಡಿದ್ದಾರೆ. ಒಂದು ಸ್ಟೂಲಿನ ಕಾಲ ಕೆಳಗೆ ಮದುವೆ ಕರೆಯೋಲೆಗಳನ್ನು ಒಂದೊಂದಾಗಿ ತುರುಕಿದೆ. ನಾಲ್ಕನೆಯದಕ್ಕೆ, ಪಟ್ಟಿಯ ಮೇಲಿಟ್ಟಿದ್ದ ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಕೋಲಿನ ತುದಿ ತೆಳ್ಳಗಿರುವುದರಿಂದ ತನ್ನ ಭಾರಕ್ಕೇ ಬಾಗುತ್ತಿತ್ತು. ಅದಕ್ಕೊಂದು ರಟ್ಟಿನ ತುಂಡು ಎತ್ತರ ಕೊಟ್ಟೆ. ಎಲ್ಲ ಸರಿಯಾಗುವಾಗ ಹತ್ತು ಗಂಟೆ ಹತ್ತಿರವಾಗಿತ್ತು. ಎಪಾಕ್ಸಿ ಬೆರೆಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಬ್ರಷ್ಷಿನಿಂದ ಮೂರೂ ರಿಂಗುಗಳಿಗೆ ಬಳಿದೆ.

ಬ್ರಷ್ಷು ಕೆಳಗಿಡುವಷ್ಟರಲ್ಲಿ ಫೋನ್ ಬಂತು. ಅಕ್ಕ.

“ಇವತ್ತೇ ಮಾಡ್ತಾರಂತೆ ಕಣೋ,” ಎಂದಳು. ಅವಳ ದನಿ ಬಹಳ ಮೆತ್ತಗಿತ್ತು. “ಇವತ್ತು ಆಗ್ಬೇಕಿದ್ದ ಪೇಷಂಟ್‌ಗೆ ಜ್ವರ ಬಂದೈತೆ. ಅದಕ್ಕೆ ನಿಮ್ಮ ಭಾವನ್ನ ಹನ್ನೆರಡಕ್ಕೆ ಒಳಗೆ ಕರ್ಕೊಂಡು ಹೋಗ್ತೀವಿ ಅಂದ್ರು. ಪೇಪರ್ ಕೊಟ್ಟವ್ರೆ, ಸೈನ್ ಹಾಕ್ಬೇಕಂತೆ. ಎಲ್ಲಾ ಇಂಗ್ಲೀಷು. ನೀನು ಬಂದ್ಬಿಡು.”

“ಬಂದೆ ಅಕ್ಕ,” ಎಂದೆ. “ಈಗ್ಲೇ ಹೊರಟೆ.”

ಫೋನ್ ಇಟ್ಟು ಕೋಲನ್ನು ಅರ್ಧ ಸುತ್ತು ತಿರುಗಿಸಿದೆ. ಬೈಕಿನ ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ದೊಡ್ಡಬಳ್ಳಾಪುರದಿಂದ ಆ ಆಸ್ಪತ್ರೆಗೆ ಒಂದೂಕಾಲು ಗಂಟೆ. ತಕ್ಷಣ ಹೊರಟಿದ್ದರೆ ಭಾವನನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ ಅಲ್ಲಿರುತ್ತಿದ್ದೆ.

ಹೊರಡಲಿಲ್ಲ. ಇದೊಂದು ಸ್ವಲ್ಪ ಬಿಗಿಯಾಗಲಿ, ಈಗ ಬಿಟ್ಟರೆ ಹಾಳಾಗುತ್ತದೆ, ಭಾವ ನಂಬಿ ಕೊಟ್ಟ ವಸ್ತು ಎಂದು ನನಗೆ ನಾನೇ ಹೇಳಿಕೊಂಡೆ. ಹಾಳಾದರೆ ಏನಾಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬ್ಲೇಡಿನಿಂದ ಕೆರೆದು ತೆಗೆದು, ನೂಲು ಹೊಸದಾಗಿ ಸುತ್ತಿ, ಇನ್ನೊಂದು ದಿನ ಬಳಿಯಬಹುದಿತ್ತು. ಅರ್ಧ ದಿನದ ಕೆಲಸ. ಅದಕ್ಕಾಗಿ ಯಾರೂ ನನ್ನನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ಆದರೂ ಕೋಲಿನ ಮುಂದೆ ಮಣೆ ಹಾಕಿಕೊಂಡು ಕೂತೆ.

ನನಗೆ ಭಯವಿದ್ದದ್ದು ಆ ಪೇಪರಿನದು. ಇಪ್ಪತ್ತಮೂರು ವರ್ಷದವನಿದ್ದಾಗ ಅಪ್ಪನಿಗೆ ಕರುಳಿನ ಆಪರೇಷನ್ ಆಯಿತು. ಅಕ್ಕ ಆಗ ಬಾಣಂತಿ, ಬರುವಂತಿರಲಿಲ್ಲ. ಅಮ್ಮ ಮೊದಲೇ ತೀರಿಹೋಗಿದ್ದಳು. ಆಸ್ಪತ್ರೆಯಲ್ಲಿ ಒಬ್ಬರು ಬಂದು ಒಂದು ಹಾಳೆ ಕೊಟ್ಟು ಬೆರಳಿಟ್ಟು ತೋರಿಸಿದರು. ಏನು ಬರೆದಿದೆ ಎಂದು ಕೇಳಿದೆ. ಏನಾದರೂ ಆದರೆ ನಮ್ಮ ಜವಾಬ್ದಾರಿ ಅಲ್ಲ ಅಂತ, ಎಲ್ಲರೂ ಹಾಕುತ್ತಾರೆ ಹಾಕಿ ಎಂದರು. ಹಾಕಿದೆ. ಅಪ್ಪ ಸ್ಟ್ರೆಚರಿನ ಮೇಲಿಂದಲೇ ನನ್ನ ಕಡೆ ನೋಡಿ, ಊಟ ಮಾಡ್ಕೊಂಡು ಬಾ ಹೋಗು ಎಂದರು. ಅಷ್ಟೇ. ಆಮೇಲೆ ಅವರು ಮಾತಾಡಲಿಲ್ಲ. ತಿಥಿಯ ದಿನ ಸೋದರತ್ತೆಯೊಬ್ಬರು ಯಾರಿಗೋ ಹೇಳುತ್ತಿದ್ದರು, ಸೈನ್ ಹಾಕಿದ್ದು ಇವನೇ ಅಂತ. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಚಿಕ್ಕ ವಯಸ್ಸಿಗೇ ಜವಾಬ್ದಾರಿ ಹೊತ್ತ ಎನ್ನುವ ಅರ್ಥದಲ್ಲಿ ಹೇಳಿದ್ದು. ನನಗೆ ಮಾತ್ರ ಅದು ಹಾಗೆ ಕೇಳಿಸಲಿಲ್ಲ. ಆಮೇಲೆ ಇಪ್ಪತ್ತೈದು ವರ್ಷ ನಾನು ಯಾರ ಆಸ್ಪತ್ರೆಯ ಕಾಗದಕ್ಕೂ ಪೆನ್ನು ಮುಟ್ಟಿಸಿಲ್ಲ. ಮಗಳು ಹುಟ್ಟುವಾಗಲೂ ಮಾವನವರ ಕೈಯಲ್ಲೇ ಸಹಿ ಹಾಕಿಸಿದ್ದೆ.

ಐದು ನಿಮಿಷ. ಅರ್ಧ ಸುತ್ತು. ರಿಂಗಿನ ಅಡಿಯಲ್ಲಿ ಹೊಳೆಯುತ್ತಿದ್ದ ಎಪಾಕ್ಸಿ ಮೇಲಕ್ಕೆ ಬಂದು ನಿಧಾನವಾಗಿ ಹರಡಿಕೊಳ್ಳುತ್ತಿತ್ತು. ಅದನ್ನೇ ನೋಡುತ್ತಿದ್ದೆ. ರಸಮಟ್ಟದ ಗುಳ್ಳೆ ನೋಡುತ್ತಿದ್ದೆ. ಕೈ ಬೆವರುತ್ತಿತ್ತು, ಬೆವರು ಕೋಲಿಗೆ ತಾಗದಿರಲಿ ಎಂದು ಪಂಚೆಗೆ ಒರೆಸಿಕೊಳ್ಳುತ್ತಿದ್ದೆ. ಇನ್ನು ಎರಡು ಸಲ ತಿರುಗಿಸಿ ಹೊರಡುತ್ತೇನೆ ಎಂದುಕೊಳ್ಳುವುದು, ಎರಡು ಸಲ ಆದ ಮೇಲೆ ಇನ್ನೆರಡು ಸಲ ಎಂದುಕೊಳ್ಳುವುದು. ಹೀಗೇ ಹನ್ನೊಂದಾಯಿತು.

ಅಕ್ಕನ ಫೋನ್ ಮತ್ತೆ ಬಂತು. “ಎಲ್ಲಿದ್ದೀಯಾ?”

“ರಾಜಾನುಕುಂಟೆ ಹತ್ರ ಇದ್ದೀನಿ. ಟ್ರಾಫಿಕ್ಕು.”

ಆಸ್ಪತ್ರೆಯ ದಾರಿಯಲ್ಲಿ ಸಿಗುವ ಊರದು. ಅಷ್ಟು ಸಲೀಸಾಗಿ ಬಾಯಿಗೆ ಬಂದಿತು ಆ ಸುಳ್ಳು. ಬೀದಿ ನಿಶ್ಶಬ್ದವಾಗಿತ್ತು. ನಾನು ರಸ್ತೆಯಲ್ಲಿದ್ದೇನೆ ಅನ್ನುತ್ತಿದ್ದರೂ ಒಂದು ಗಾಡಿಯ ಸದ್ದೂ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಅಕ್ಕನಿಗೆ ಅದು ಗೊತ್ತಾಗಲಿಲ್ಲ. ಬೇಗ ಬಾ, ಆಸ್ಪತ್ರೆಯವರು ಪೇಪರಿಗೆ ಎರಡು ಸಲ ಬಂದು ಹೋದರು ಎಂದಳು.

ಮತ್ತೆ ಹನ್ನೊಂದೂವರೆಗೆ ಮಾಡಿದಳು. ಆಗ ನಾನು ಬೈಕಿನ ಕೀ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಪಂಚೆ ಬಿಚ್ಚಿ ಪ್ಯಾಂಟನ್ನೂ ಹಾಕಿದ್ದೆ. ಆದರೂ ಮಣೆಯ ಮೇಲೆಯೇ ಕೂತಿದ್ದೆ.

“ನಿಮ್ಮ ಭಾವ ಮಾತಾಡ್ತಾರಂತೆ ನೋಡು, ಕೊಡ್ತೀನಿ,” ಎಂದಳು.

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಕಿರ್ರೆಂದು ತಿರುಗತೊಡಗಿತು. ಮೂರು ಗಂಟೆಗೆ ಬರಬೇಕಿದ್ದ ಕರೆಂಟ್ ಬಂದುಬಿಟ್ಟಿತ್ತು. ಸ್ವಿಚ್ ಆರಿಸುವುದನ್ನು ಬೆಳಿಗ್ಗೆ ಮರೆತಿದ್ದೆ. ಹಸಿ ಎಪಾಕ್ಸಿಗೆ ಧೂಳು ಅಂಟಿದರೆ ಮುಗಿಯಿತು. ಎದ್ದು ಸ್ವಿಚ್ಚಿನ ಕಡೆ ಓಡಿದೆ. ಓಡುವಾಗ ಮೊಣಕಾಲು ಸ್ಟೂಲಿಗೆ ತಾಗಿತು. ಎದುರು ಮನೆಯ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ ಮಗ್ಗದವರು ಎದ್ದು ಒಳಗೆ ಹೋಗುತ್ತಿರುವುದು ಕಿಟಕಿಯಲ್ಲಿ ಕಾಣಿಸಿತು. ಏನಾಗುತ್ತದೆ ಎಂದು ಗೊತ್ತಾಯಿತು. ಫೋನ್ ಇಡಬೇಕು ಎಂದುಕೊಂಡೆ. ಆ ಕಡೆಯಿಂದ ಭಾವನ ದನಿ ಬಂತು.

“ಏನಪ್ಪಾ, ಎಲ್ಲಿದ್ದೀಯಾ? ನೀನು ಗಾಬ್ರಿ ಬೀಳ್ಬೇಡ. ಗಾಡಿ ನಿಧಾನಕ್ಕೆ ಓಡ್ಸು…”

ಮೊದಲು ಒಂದು ಮಗ್ಗ. ಆಮೇಲೆ ನಾಲ್ಕು. ಆಮೇಲೆ ಇಡೀ ಬೀದಿ. ಕಿಟಕಿಯ ಗಾಜು ಗಡಗಡ ಎನ್ನತೊಡಗಿತು. ಭಾವ ಏನು ಹೇಳಿದರೋ ಕೇಳಿಸಲಿಲ್ಲ. ಹಲೋ ಹಲೋ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅಕ್ಕನ ದನಿ ಕೇಳಿಸಿತು. ಫೋನನ್ನು ಅವಳು ವಾಪಸು ತೆಗೆದುಕೊಂಡಿದ್ದಳು.

ಅವಳು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಮದುವೆಯಾಗುವವರೆಗೆ ಇದೇ ಬೀದಿಯಲ್ಲಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿದವಳು. ಈ ಸದ್ದನ್ನು ಅವಳು ಬೇರೆ ಯಾವುದಕ್ಕೂ ತಪ್ಪು ತಿಳಿಯಲು ಸಾಧ್ಯವಿರಲಿಲ್ಲ.

ಮಗ್ಗಗಳು ಹೊಡೆದುಕೊಳ್ಳುತ್ತಲೇ ಇದ್ದವು.

“ಸರಿ,” ಎಂದಳು ಕಡೆಗೆ. “ನಿಧಾನಕ್ಕೆ ಬಾ.” ಫೋನ್ ಇಟ್ಟಳು.

ತಿರುಗಿ ನೋಡಿದರೆ ಸ್ಟೂಲು ಪಕ್ಕಕ್ಕೆ ಜರುಗಿತ್ತು. ಗುಳ್ಳೆ ರಸಮಟ್ಟದ ಒಂದು ತುದಿಗೆ ಹೋಗಿ ಕೂತು ಅಲ್ಲೇ ಅದುರುತ್ತಿತ್ತು. ಬುಡದ ಕಡೆಯ ರಿಂಗಿನ ಅಂಚಿನಲ್ಲಿ ಎಪಾಕ್ಸಿ ಕಾಳಿನಷ್ಟು ದಪ್ಪಕ್ಕೆ ಸೇರುತ್ತಿತ್ತು. ಕೂತು ಮತ್ತೆ ಕರೆಯೋಲೆ ತುರುಕತೊಡಗಿದೆ. ಅದು ನಾಚಿಕೆಗೇಡು ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ತಲೆಯಲ್ಲಿ ಇದ್ದದ್ದು ಗುಳ್ಳೆಯನ್ನು ನಡುವಿಗೆ ತರುವುದೊಂದೇ.

ಹೆಂಡತಿ ಬಾಗಿಲು ತೆಗೆದದ್ದು ಅದೇ ಹೊತ್ತಿಗೆ. ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಪ್ರಸಾದದ ಕವರು. ನನ್ನನ್ನು ನೋಡಿ ಹೊಸಿಲಲ್ಲೇ ನಿಂತಳು.

“ಇನ್ನೂ ಇಲ್ಲೇ ಇದ್ದೀರಾ? ಬಸ್ಸಲ್ಲಿದ್ದಾಗ ಅಕ್ಕ ನಂಗೂ ಫೋನ್ ಮಾಡಿದ್ರು. ಅವ್ನು ಹೊರಟು ಒಂದು ಗಂಟೆ ಆಯ್ತು ಅಂದ್ರು.”

“ಇದು ಒಣಗ್ಬೇಕು,” ಎಂದೆ.

ಅವಳು ಕೋಲನ್ನು ನೋಡಿದಳು, ಸ್ಟೂಲಿನ ಕೆಳಗಿದ್ದ ಕರೆಯೋಲೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಅಪ್ಪನ ಸಂಗತಿ ಅವಳಿಗೆ ಗೊತ್ತು. ಬೈಯುತ್ತಾಳೆ ಎಂದುಕೊಂಡೆ. ಪ್ರಸಾದವನ್ನು ದೇವರ ಗೂಡಿನಲ್ಲಿಟ್ಟು ಬಂದು ನನ್ನ ಪಕ್ಕ ಕೂತಳು.

“ಎಷ್ಟು ಹೊತ್ತಿಗೊಂದ್ಸಲ ತಿರುಗಿಸ್ಬೇಕು?”

“ಐದು ನಿಮಿಷ. ಅರ್ಧ ಸುತ್ತು. ಒಂದೇ ದಿಕ್ಕಿಗೆ.”

“ನಾನು ತಿರುಗಿಸ್ತೀನಿ. ನೀವೇಳಿ. ನೀವು ಸೈನ್ ಹಾಕ್ಬೇಡಿ, ಏನೂ ಮಾಡ್ಬೇಡಿ. ಅಕ್ಕನ ಪಕ್ಕ ಹೋಗಿ ಕೂತ್ಕೊಳಿ ಸಾಕು.”

ಎದ್ದೆ. ರಾಜಾನುಕುಂಟೆಯಲ್ಲಿ ಅವತ್ತು ಟ್ರಾಫಿಕ್ಕೇ ಇರಲಿಲ್ಲ. ಅಲ್ಲಿನ ರೈಲ್ವೆ ಗೇಟು ತೆರೆದಿತ್ತು, ಯಲಹಂಕದವರೆಗೆ ರಸ್ತೆ ಖಾಲಿ ಇತ್ತು. ಎಲ್ಲಾದರೂ ಐದು ನಿಮಿಷ ನಿಲ್ಲುವಂತಾದರೆ ನಾನು ಹೇಳಿದ್ದರಲ್ಲಿ ಸ್ವಲ್ಪವಾದರೂ ನಿಜವಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಆಸೆಪಟ್ಟೆ.

ಆಸ್ಪತ್ರೆ ತಲುಪಿದಾಗ ಒಂದು ಗಂಟೆ ದಾಟಿತ್ತು. ಭಾವನನ್ನು ಹನ್ನೆರಡಕ್ಕೇ ಒಳಗೆ ಕರೆದುಕೊಂಡು ಹೋಗಿದ್ದರು. ಮೂರನೇ ಮಹಡಿಯಲ್ಲಿ ಉಕ್ಕಿನ ಕುರ್ಚಿಗಳ ಸಾಲಿನ ಕೊನೆಯಲ್ಲಿ ಅಕ್ಕ ಕೂತಿದ್ದಳು. ಮಡಿಲಲ್ಲಿ ಭಾವನ ಕನ್ನಡಕ, ವಾಚು, ಉಡಿದಾರವನ್ನು ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ಎತ್ತಿ ಕೆಳಗಿಟ್ಟಳು. ಕೂತೆ.

“ಸೈನು?” ಎಂದೆ.

“ನಾನೇ ಹಾಕ್ದೆ. ಪಕ್ಕದ ಬೆಡ್ಡಿನವರ ಹೆಂಡ್ತಿ ಟೀಚರಂತೆ. ಪಾಪ, ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದ್ರು. ಅರ್ಧ ಗಂಟೆ ಹಿಡೀತು.”

“ಏನಿತ್ತು ಅದ್ರಲ್ಲಿ?”

“ಏನಿರುತ್ತೆ. ಎಲ್ಲಾ ಇತ್ತು,” ಎಂದು ಮುಂದಿನ ಗೋಡೆಯನ್ನು ನೋಡತೊಡಗಿದಳು.

ಐದೂವರೆವರೆಗೆ ಕೂತಿದ್ದೆವು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಅರ್ಧ ಏಳುತ್ತಿದ್ದೆವು; ಬೇರೆ ಯಾರದೋ ಹೆಸರು ಕರೆದರೆ ಕೂರುತ್ತಿದ್ದೆವು. ಅವಳು ಚಿತ್ರಾನ್ನದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ಬೇಡ ಎಂದೆ. ಅವಳೂ ತಿನ್ನಲಿಲ್ಲ. ಅಪ್ಪ ಸ್ಟ್ರೆಚರಿನ ಮೇಲಿಂದ ಹೇಳಿದ ಮಾತು ಆಗ ನೆನಪಾಗಿ, ಡಬ್ಬಿ ವಾಪಸು ಇಸಿದುಕೊಂಡು ಎರಡು ತುತ್ತು ತಿಂದೆ. ನನ್ನ ಬೆರಳುಗಳಿಗೆ ಎಪಾಕ್ಸಿಯ ವಾಸನೆ ಮೆತ್ತಿಕೊಂಡಿತ್ತು. ಅಕ್ಕ ಆ ಬೆರಳುಗಳನ್ನು ನೋಡಿದಳು. ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದಳು.

ಡಾಕ್ಟರು ಬಂದು ಟೋಪಿ ತೆಗೆದು, ಎಲ್ಲ ಚೆನ್ನಾಗಿ ಆಗಿದೆ, ಇನ್ನು ಒಂದು ರಾತ್ರಿ ಕಳೆಯಬೇಕು ಎಂದರು. ಅಕ್ಕ ಕೈಮುಗಿದಳು. ಆಮೇಲೆ ಗೋಡೆಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ನಿಂತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಭುಜದ ಮೇಲೆ ಕೈ ಇಡಲು ಧೈರ್ಯವಾಗಲಿಲ್ಲ.

ಭಾವ ಹನ್ನೊಂದನೇ ದಿನ ಮನೆಗೆ ಬಂದರು. ನಾನು ಕೋಲು ತೆಗೆದುಕೊಂಡು ಹೋದೆ. ಹೆಂಡತಿ ಅವತ್ತು ಎರಡೂವರೆ ಗಂಟೆ ಅಲುಗಾಡದೆ ಕೂತು ತಿರುಗಿಸಿದ್ದಳು; ತುದಿಯ ಎರಡು ರಿಂಗುಗಳು ಅಂಗಡಿಯಲ್ಲಿ ಮಾಡಿದಂತೆ ಬಂದಿದ್ದವು. ಭಾವ ಹಾಸಿಗೆಯ ಮೇಲೆ ಒರಗಿಕೊಂಡೇ ಕೋಲಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಮೂರನೆಯ ರಿಂಗಿನ ಹತ್ತಿರ ಬೆರಳು ನಿಂತಿತು.

“ಇಲ್ಲೊಂದು ಗಂಟು ಐತಲ್ಲಪ್ಪಾ.”

“ಕೆರೆದು ಸರಿ ಮಾಡ್ಕೊಡ್ತೀನಿ ಭಾವ. ಅವತ್ತು ಕರೆಂಟ್ ಬಂದು ಮಗ್ಗ ಶುರುವಾಯ್ತು, ಅಲುಗಾಡಿಬಿಡ್ತು.”

“ಯಾವತ್ತು?”

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ರಾಗಿ ಗಂಜಿಯ ಲೋಟ ಹಿಡಿದು ನಿಂತಿದ್ದಳು. ನಾನು ಆ ಗಂಟನ್ನು ಉಗುರಿನಿಂದ ಕೆರೆಯತೊಡಗಿದೆ. ಭಾವ ನನ್ನನ್ನೂ ಅವಳನ್ನೂ ನೋಡಿದರು. ಫೋನಿನಲ್ಲಿ ಕೇಳಿದ ಸದ್ದು ಅವರಿಗೂ ನೆನಪಾಯಿತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. “ಇರ್ಲಿ ಬಿಡು. ಮೀನಿಗೇನು ಗೊತ್ತಾಗ್ತದೆ,” ಎಂದು ಕೋಲನ್ನು ಗೋಡೆಗೆ ಒರಗಿಸಲು ಹೇಳಿದರು.

ಹೊರಡುವಾಗ ಅಕ್ಕ ತೋಟದ ಗೇಟಿನವರೆಗೆ ಬಂದಳು. ಬೈಕ್ ಸ್ಟಾರ್ಟ್ ಮಾಡುವ ಮುಂಚೆ ನಾನೇ ಬಾಯಿಬಿಟ್ಟೆ.

“ಅಕ್ಕ, ಅವತ್ತು ನಾನು ರಾಜಾನುಕುಂಟೇಲಿ ಇರ್ಲಿಲ್ಲ.”

“ಗೊತ್ತು.”

“ಸೈನ್ ಹಾಕೋಕೆ ಭಯ ಆಯ್ತು.”

“ಅದೂ ಗೊತ್ತು.” ಗೇಟಿನ ಚಿಲಕವನ್ನು ಹಿಂದೆ ಮುಂದೆ ಆಡಿಸುತ್ತಿದ್ದಳು. “ಸೈನಿಗೆ ಅಂತ ನಾನು ಕರೀಲಿಲ್ಲ ಕಣೋ. ಸೈನು ಯಾರು ಬೇಕಾದ್ರೂ ಹಾಕ್ತಾರೆ. ಒಬ್ಳೇ ಕೂತ್ಕೊಳೋಕೆ ಆಗ್ಲಿಲ್ಲ, ಅದಕ್ಕೆ ಕರ್ದೆ. ನೀನು ಫೋನಲ್ಲಿ, ಅಕ್ಕ ನಂಗೆ ಭಯ ಆಗ್ತದೆ ಅಂದಿದ್ರೂ ಸಾಕಾಗಿತ್ತು. ನಂಗೂ ಆಗ್ತಿತ್ತು. ಇಬ್ರೂ ಭಯ ಬೀಳ್ತಿದ್ವಿ.”

“ಸಿಟ್ಟಾ?”

“ಹೂಂ,” ಎಂದಳು. “ಐತೆ ಇನ್ನೂ. ಹೋಗ್ತದೆ. ನೀನು ಬಂದು ಹೋಗಿ ಮಾಡ್ತಿರು.”

ಆಮೇಲಿನ ವಾರಗಳಲ್ಲಿ ನಾನು ಅಗತ್ಯಕ್ಕಿಂತ ಹೆಚ್ಚೇ ಹೋದೆ. ಅವಳು ಮಾತಾಡುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ಆದರೆ ಮೊದಲಿನ ಹಾಗೆ ರೇಗಿಸುತ್ತಿರಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ಫೋನಿನಲ್ಲಿ ಅವಳ ಹೆಸರು ಕಂಡರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದೆ.

ಜನವರಿಯಲ್ಲಿ ಭಾವನನ್ನು ಚೆಕಪ್ಪಿಗೆ ಕರೆದುಕೊಂಡು ಹೋಗಬೇಕಿತ್ತು. ಡಾಕ್ಟರು ಕೊಟ್ಟಿದ್ದ ಸಮಯ ಹನ್ನೊಂದು ಗಂಟೆ. ನಾನು ಆರೂಕಾಲಿಗೆ ಅವರ ಅಂಗಳದಲ್ಲಿದ್ದೆ. ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಅಕ್ಕ ಹಾಲು ಕರೆದು ಬರುತ್ತಿದ್ದವಳು ನನ್ನನ್ನು ನೋಡಿ ನಿಂತಳು.

“ಇಷ್ಟೊತ್ತಿಗೇ ಯಾಕೋ ಬಂದೆ?”

“ರಾಜಾನುಕುಂಟೇಲಿ ಟ್ರಾಫಿಕ್ ಇರ್ತದಲ್ಲ,” ಎಂದೆ.

ಬಾಯಿಂದ ಬಂದ ಮೇಲೆ ಹೆದರಿದೆ. ನಮ್ಮೂರಿಂದ ಅವರೂರಿಗೆ ಬರುವ ದಾರಿಯಲ್ಲಿ ರಾಜಾನುಕುಂಟೆ ಸಿಗುವುದೇ ಇಲ್ಲ. ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ತುಟಿ ಬಿಗಿಹಿಡಿದುಕೊಂಡು, ಹಾಲಿನ ಚೆಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದಿಟ್ಟಳು.

“ಬಂದಿದ್ದೀಯಲ್ಲ, ಸುಲಿ ಮತ್ತೆ. ಹುಳ ನೋಡ್ಕೊಂಡು ಸುಲಿ,” ಎಂದಳು. ಕೊನೆಯ ಮಾತಿಗೆ ನಗು ತಡೆಯಲಾರದೆ ಹಾಲಿನ ಚೆಂಬು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಭಾವ ಸ್ನಾನ ಮಾಡಿ ಬರುವಷ್ಟರಲ್ಲಿ ನಾನು ಅರ್ಧ ಮೊರ ಸುಲಿದಿದ್ದೆ.